ಜ್ವರ ಬಂದಾಗ ದೇಹ ಕಬ್ಬಿಣಕ್ಕೆ ಬಂದ್ ಘೋಷಿಸುವುದು ಯಾಕೆ?

ಹೋದ ಮಳೆಗಾಲದಲ್ಲಿ ನಮ್ಮ ಅತ್ತೆಗೆ ಚಳಿ ಜ್ವರ ಬಂತು. ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಆಗ ಮನೆಗೊಂದು ಜ್ವರ. ಡೆಂಗ್ಯೂ ಇರಬಹುದು ಅಂತ ರಕ್ತ ಪರೀಕ್ಷೆ ಮಾಡಿಸಿದರೆ ಅದಲ್ಲ. ಮೂತ್ರದ ಕಲ್ಚರ್‌ನಲ್ಲಿ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಬೆಳೆದಿತ್ತು. ಸೋಂಕು ಕಿಡ್ನಿಯವರೆಗೆ ಏರಿತ್ತು.

ರಿಪೋರ್ಟಿನ ಇನ್ನೊಂದು ಹಾಳೆಯಲ್ಲಿ ಮೂರು ಸಂಖ್ಯೆಗಳು ದಪ್ಪ ಅಕ್ಷರದಲ್ಲಿದ್ದವು. ಹಿಮೋಗ್ಲೋಬಿನ್ 9.1, ಕಡಿಮೆ. ರಕ್ತದಲ್ಲಿನ ಕಬ್ಬಿಣ 22, ತೀರಾ ಕಡಿಮೆ. ಫೆರಿಟಿನ್ 640, ಜಾಸ್ತಿ.

ಸುದ್ದಿ ಹಬ್ಬಿದ್ದೇ ತಡ, ಪಕ್ಕದ ಮನೆಯ ಕಾಕು ಡಬ್ಬಿ ತುಂಬ ಅಳೀವ್ ಲಾಡು ತಂದರು. ನಮ್ಮ ಕಡೆ ಅಳವಿ ಉಂಡಿ ಅಂತೀವಲ್ಲ, ಬಾಣಂತಿಯರಿಗೆ ಕೊಡೋದು, ಅದೇ. ಮಾಟುಂಗಾದಿಂದ ನಾದಿನಿ ಫೋನ್ ಮಾಡಿದಳು: "ಒಂದು ಐರನ್ ಡ್ರಿಪ್ ಹಾಕಿಸಿಬಿಡಿ ಅತ್ತಿಗೆ, ಅಮ್ಮ ಎರಡೇ ದಿನಕ್ಕೆ ಎದ್ದು ಕೂರ್ತಾಳೆ." ನಾನು ಡಾಕ್ಟರನ್ನು ಕೇಳಿದೆ. ಅವರು ತಲೆಯಾಡಿಸಿದರು. "ಈಗ ಬೇಡ. ಮೊದಲು ಸೋಂಕು ಇಳಿಯಲಿ."

ರಕ್ತದಲ್ಲಿ ಕಬ್ಬಿಣ ಇಲ್ಲ ಅಂತ ಕಾಗದವೇ ಹೇಳುತ್ತಿದೆ, ಡಾಕ್ಟರು ಕೊಡೋದು ಬೇಡ ಅಂತಾರೆ. ಇನ್ನೊಂದು ತಮಾಷೆ ನೋಡಿ. ಫೆರಿಟಿನ್ ಅಂದರೆ ದೇಹ ಕಬ್ಬಿಣ ಕೂಡಿಡುವ ಪೆಟ್ಟಿಗೆ. ಪೆಟ್ಟಿಗೆ ತುಂಬಿದೆ, ಪೇಟೆಯಲ್ಲಿ ಮಾತ್ರ ಮಾಲಿಲ್ಲ. ಇದು ಹೇಗೆ?

ಕಬ್ಬಿಣ ಯಾರಿಗೆ ಬೇಡ?

ಒಬ್ಬ ದೊಡ್ಡ ಮನುಷ್ಯನ ಮೈಯಲ್ಲಿರುವ ಕಬ್ಬಿಣ ಸುಮಾರು 3ರಿಂದ 4 ಗ್ರಾಂ. ಒಂದೆರಡು ಸಣ್ಣ ಮೊಳೆಯಷ್ಟು. ಅದರ ಮೂರನೇ ಎರಡು ಪಾಲು ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್ನಿನಲ್ಲಿದ್ದು ಆಮ್ಲಜನಕ ಹೊರುತ್ತದೆ.

ಕಬ್ಬಿಣಕ್ಕೆ ಒಂದು ವಿಶೇಷ ಗುಣ ಇದೆ. ಅದು ಎಲೆಕ್ಟ್ರಾನನ್ನು ಸಲೀಸಾಗಿ ಕೊಡುತ್ತದೆ, ಸಲೀಸಾಗಿ ವಾಪಸ್ ಪಡೆಯುತ್ತದೆ. ನೆರೆಹೊರೆಯ ಕೈಸಾಲದ ಹಾಗೆ. ಜೀವಕೋಶ ಉಸಿರಾಡಿ ಶಕ್ತಿ ಪಡೆಯುವುದು ಈ ಕೈಸಾಲದಿಂದಲೇ. ಡಿಎನ್‌ಎ ಕಟ್ಟುವ ಇಟ್ಟಿಗೆಗಳನ್ನು ತಯಾರಿಸುವ ಕಿಣ್ವಕ್ಕೂ ಕಬ್ಬಿಣ ಬೇಕು. ಇದು ನಮಗೆಷ್ಟು ನಿಜವೋ ರೋಗಾಣುಗಳಿಗೂ ಅಷ್ಟೇ ನಿಜ. ಅನುಕೂಲ ಸಿಕ್ಕರೆ ಇ. ಕೋಲೈ ಸುಮಾರು 20 ನಿಮಿಷಕ್ಕೆ ಒಂದು ಎರಡಾಗುತ್ತದೆ. ಹುಟ್ಟುವ ಪ್ರತಿ ಹೊಸ ಬ್ಯಾಕ್ಟೀರಿಯಾಕ್ಕೂ ಲಕ್ಷಗಟ್ಟಲೆ ಕಬ್ಬಿಣದ ಪರಮಾಣು ಬೇಕು.

ಇದಕ್ಕೆ ಅಪವಾದಗಳು ಬೆರಳೆಣಿಕೆಯಷ್ಟು. ಮೊಸರು ಹೆಪ್ಪಾಗಿಸುವ ಲ್ಯಾಕ್ಟೊಬ್ಯಾಸಿಲಸ್ ಜಾತಿಯವು ಕಬ್ಬಿಣದ ಗೊಡವೆಗೇ ಹೋಗುವುದಿಲ್ಲ ಎನ್ನಬಹುದು. ಅವು ಮ್ಯಾಂಗನೀಸ್ ಇಟ್ಟುಕೊಂಡು ಸಂಸಾರ ಮಾಡುತ್ತವೆ. ಉಣ್ಣೆಹುಳು ಕಚ್ಚಿ ಬರುವ ಲೈಮ್ ಕಾಯಿಲೆಯ ಬ್ಯಾಕ್ಟೀರಿಯಾ ಕೂಡ ಹಾಗೇ.

ಬಕೆಟ್ಟಿನ ತಳದ ಕೆಂಪು

ಬೇಸಿಗೆಯಲ್ಲಿ ನಮ್ಮ ಸೊಸೈಟಿಗೆ ಬೋರ್‌ವೆಲ್ ನೀರು ಬರುತ್ತದೆ. ನಲ್ಲಿಯಿಂದ ಬೀಳುವಾಗ ತಿಳಿಯಾಗಿಯೇ ಇರುತ್ತದೆ. ರಾತ್ರಿಯಿಡೀ ಬಕೆಟ್ಟಿನಲ್ಲಿಟ್ಟರೆ ಬೆಳಿಗ್ಗೆ ತಳದಲ್ಲಿ ಕೆಂಪು ಗಸಿ. ನೆಲದಾಳದಲ್ಲಿ ಗಾಳಿ ತಾಗದೆ ಕರಗಿದ್ದ ಕಬ್ಬಿಣ, ಮೇಲೆ ಬಂದು ಆಮ್ಲಜನಕ ತಾಗಿದ ಕೂಡಲೇ ತುಕ್ಕಾಗಿ ತಳಕ್ಕೆ ಕೂರುತ್ತದೆ.

ಕಬ್ಬಿಣಕ್ಕೆ ಹೀಗೆ ಎರಡು ಅವತಾರ. ಒಂದು ನೀರಿನಲ್ಲಿ ಕರಗುತ್ತದೆ, ಇನ್ನೊಂದು ಕರಗುವುದಿಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕ ಧಾರಾಳ. ಹಾಗಾಗಿ ಅಲ್ಲಿ ಕರಗದ ಅವತಾರದ್ದೇ ಕಾರುಬಾರು. ಸಾಲದ್ದಕ್ಕೆ, ಬಿಡಿ ಕಬ್ಬಿಣ ನಮಗೂ ಅಪಾಯ. ಸಿಕ್ಕಸಿಕ್ಕಲ್ಲಿ ಎಲೆಕ್ಟ್ರಾನ್ ವ್ಯವಹಾರ ಮಾಡಿ ಜೀವಕೋಶವನ್ನೇ ಸುಡುತ್ತದೆ. ಅದಕ್ಕೇ ದೇಹ ಒಂದು ಚೂರು ಕಬ್ಬಿಣವನ್ನೂ ಬಿಡಿಯಾಗಿ ಓಡಾಡಲು ಬಿಡುವುದಿಲ್ಲ. ಲೆಕ್ಕ ಹಾಕಿದರೆ, ಒಂದು ಲೀಟರ್ ರಕ್ತದ್ರವದಲ್ಲಿ ಒಂದೇ ಒಂದು ಬಿಡಿ ಪರಮಾಣು ಸಿಗುವುದೂ ಅನುಮಾನ!

ಗುಜರಿ ಅಂಗಡಿಯ ಶಟರ್

ದೇಹದ ಕಬ್ಬಿಣದ ವ್ಯಾಪಾರ ಹೇಗೆ ನಡೆಯುತ್ತದೆ ಅಂತ ನೋಡಿದರೆ ಅತ್ತೆಯ ರಿಪೋರ್ಟ್ ಅರ್ಥವಾಗುತ್ತದೆ.

ರಕ್ತದಲ್ಲಿ ಕಬ್ಬಿಣ ಹೊರುವ ಪ್ರೊಟೀನಿನ ಹೆಸರು ಟ್ರಾನ್ಸ್‌ಫೆರಿನ್. ಇದನ್ನು ಡಬ್ಬಾವಾಲಾ ಅಂದುಕೊಳ್ಳಿ. ಒಬ್ಬ ಡಬ್ಬಾವಾಲಾ ಒಮ್ಮೆಗೆ ಎರಡೇ ಪರಮಾಣು ಹೊರುತ್ತಾನೆ. ಆರೋಗ್ಯವಂತರಲ್ಲಿ ಅವರ ಕೈಗಳಲ್ಲಿ ಮೂರನೇ ಒಂದರಷ್ಟು ಮಾತ್ರ ತುಂಬಿರುತ್ತವೆ, ಉಳಿದವು ಖಾಲಿ. ಎಲ್ಲಾದರೂ ಬಿಡಿ ಕಬ್ಬಿಣ ಬಿದ್ದರೆ ಹಿಡಿಯಲಿಕ್ಕೆ ಆ ಖಾಲಿ ಕೈಗಳು ಬೇಕೇ ಬೇಕು. ಕಣ್ಣೀರು, ಜೊಲ್ಲು, ಎದೆಹಾಲಿನಲ್ಲಿ ಇದರದೇ ತಂಗಿ ಲ್ಯಾಕ್ಟೊಫೆರಿನ್ ಕಾವಲಿದೆ.

ಈ ಮಾಲು ಬರುವುದು ಎಲ್ಲಿಂದ? ಊಟದಿಂದ ಅಂತ ನಾವಂದುಕೊಳ್ಳುತ್ತೇವೆ. ನಿಜ ಏನೆಂದರೆ ಊಟದಿಂದ ದಿನಕ್ಕೆ ಒಳಗೆ ಸೇರುವುದು ಬರೀ 1ರಿಂದ 2 ಮಿಲಿಗ್ರಾಂ. ಹೊಸ ರಕ್ತಕ್ಕೆ ದಿನಕ್ಕೆ ಬೇಕಾಗುವುದು 20ರಿಂದ 25 ಮಿಲಿಗ್ರಾಂ. ಬಾಕಿಯೆಲ್ಲ ಹಳೆ ಸಾಮಾನು. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಮುದಿಯಾದ ಕಣಗಳನ್ನು ಮ್ಯಾಕ್ರೋಫೇಜ್ ಎಂಬ ದೊಡ್ಡ ಬಿಳಿಕಣಗಳು ನುಂಗಿ, ಬಿಚ್ಚಿ, ಕಬ್ಬಿಣ ಬೇರೆ ಮಾಡಿ, ಮತ್ತೆ ಡಬ್ಬಾವಾಲಾನ ಕೈಗೆ ಕೊಡುತ್ತವೆ. ಧಾರಾವಿಯ ಗುಜರಿ ಅಂಗಡಿಗಳಲ್ಲಿ ನಡೆಯುವುದೂ ಇದೇ ಕೆಲಸ ಅಲ್ವಾ? ಈ ಅಂಗಡಿಗೆ ಇರುವುದು ಒಂದೇ ಬಾಗಿಲು. ಅದರ ಹೆಸರು ಫೆರೊಪೋರ್ಟಿನ್.

ಸೋಂಕು ತಗಲಿತು ಅನ್ನಿ. ಕೆಲವೇ ಗಂಟೆಗಳಲ್ಲಿ ಲಿವರ್ ಹೆಪ್ಸಿಡಿನ್ ಎಂಬ ಪುಟ್ಟ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದು ಹೋಗಿ ಮಾಡುವ ಕೆಲಸ ಒಂದೇ, ಆ ಶಟರ್ ಎಳೆಯುವುದು. ಗುಜರಿ ಅಂಗಡಿಯಿಂದ ಮಾಲು ಹೊರಗೆ ಬರುವುದಿಲ್ಲ. ಕರುಳಿನ ಜೀವಕೋಶಗಳಿಗೂ ಅದೇ ಶಟರ್ ಇರುವುದರಿಂದ ತಿಂದದ್ದೂ ರಕ್ತಕ್ಕೆ ಇಳಿಯುವುದಿಲ್ಲ. ಒಳಗೆ ಉಳಿದ ಕಬ್ಬಿಣವನ್ನು ಫೆರಿಟಿನ್ ಪೆಟ್ಟಿಗೆಗಳಲ್ಲಿ ತುಂಬಿಡುತ್ತಾರೆ. ಒಂದು ಪೆಟ್ಟಿಗೆಯಲ್ಲಿ 4500 ಪರಮಾಣುಗಳವರೆಗೆ ಜಾಗ ಇದೆ. ಉರಿಯೂತವೇ ಫೆರಿಟಿನ್ ತಯಾರಿಕೆಯನ್ನು ಜಾಸ್ತಿ ಮಾಡುವುದೂ ಉಂಟು.

ಮುಂಬೈಯವರಿಗೆ ಬಂದ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಊರಲ್ಲಿ ಅಕ್ಕಿ ಇರುತ್ತದೆ, ಅಂಗಡಿ ಮುಚ್ಚಿರುತ್ತದೆ. ಕಳ್ಳನಿಗೂ ಸಿಗುವುದಿಲ್ಲ, ಮನೆಯವರಿಗೂ ಸಿಗುವುದಿಲ್ಲ. ಅತ್ತೆಯ ರಕ್ತದಲ್ಲಿ ಕಬ್ಬಿಣ 22, ಫೆರಿಟಿನ್ 640 ಅಂದರೆ ಇದೇ. ಬಂದ್ ವಾರಗಟ್ಟಲೆ ಎಳೆದರೆ ಹೊಸ ರಕ್ತ ತಯಾರಾಗುವುದು ಕುಗ್ಗಿ ಹಿಮೋಗ್ಲೋಬಿನ್ ಕೂಡ ಇಳಿಯುತ್ತದೆ. ಉರಿಯೂತದ ರಕ್ತಹೀನತೆ ಅಂತ ಡಾಕ್ಟರುಗಳು ಕರೆಯುವುದು ಇದನ್ನೇ.

ಕಬ್ಬಿಣ ಬಚ್ಚಿಟ್ಟರೆ ರೋಗಾಣು ಸೊರಗುತ್ತದೆ ಎಂಬ ಸುಳಿವು ಸಿಕ್ಕಿದ್ದು ಕೋಳಿಮೊಟ್ಟೆಯಿಂದ. 1944ರಲ್ಲಿ ಶೇಡ್ ಮತ್ತು ಕ್ಯಾರೊಲಿನ್ ಎಂಬ ಇಬ್ಬರು, ಹಸಿ ಮೊಟ್ಟೆಯ ಬಿಳಿಯಲ್ಲಿ ಆಮಶಂಕೆಯ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಅದಕ್ಕೆ ಕಬ್ಬಿಣ ಸೇರಿಸಿದರೆ ಬೆಳೆಯುತ್ತದೆ ಅಂತ ತೋರಿಸಿದರು. ಎರಡು ವರ್ಷದಲ್ಲಿ ಮನುಷ್ಯರ ರಕ್ತದಲ್ಲೂ ಅದೇ ಗುಣ ಕಂಡರು. 1970ರ ದಶಕದಲ್ಲಿ ಯೂಜೀನ್ ವೈನ್‌ಬರ್ಗ್ ಇದಕ್ಕೆ ಪೋಷಕಾಂಶದ ರೋಗನಿರೋಧಕತೆ ಎಂಬ ಅರ್ಥದ ಹೆಸರಿಟ್ಟರು. ನನಗೆ ಬಂದ್ ಎಂಬ ಹೆಸರೇ ಇಷ್ಟ.

ಇ. ಕೋಲೈ ಬೀಸುವ ಕೊಂಡಿ

ಇನ್ನು ಕಳ್ಳನ ಕಡೆಯಿಂದ ನೋಡೋಣ.

ಇ. ಕೋಲೈ ಒಳಗೆ ಫರ್ ಎಂಬ ಪ್ರೊಟೀನ್ ಇದೆ. ಕಬ್ಬಿಣ ಸಾಕಷ್ಟಿದ್ದರೆ ಅದು ಕಬ್ಬಿಣವನ್ನು ಹಿಡಿದುಕೊಂಡು ಡಿಎನ್‌ಎ ಮೇಲೆ ಕೂತಿರುತ್ತದೆ. ಕಬ್ಬಿಣ ಕದಿಯುವ ಸಲಕರಣೆಗಳ ಜೀನ್‌ಗಳು ಅಷ್ಟು ಹೊತ್ತೂ ಬಂದ್. ಕಬ್ಬಿಣ ಮುಗಿಯುತ್ತಾ ಬಂದ ಹಾಗೆ ಫರ್ ಕಳಚಿಕೊಳ್ಳುತ್ತದೆ. ಸಲಕರಣೆಗಳು ಒಮ್ಮೆಲೇ ತಯಾರಾಗತೊಡಗುತ್ತವೆ.

ಅವುಗಳಲ್ಲಿ ಮುಖ್ಯವಾದದ್ದು ಸೈಡರೊಫೋರ್. ಗ್ರೀಕಿನಲ್ಲಿ ಕಬ್ಬಿಣ ಹೊರುವುದು ಎಂದರ್ಥ. ಇದು ಪ್ರೊಟೀನ್ ಅಲ್ಲ, ಅದಕ್ಕಿಂತ ಎಷ್ಟೋ ಚಿಕ್ಕ ಅಣು. ಬ್ಯಾಕ್ಟೀರಿಯಾ ಇದನ್ನು ಒಳಗೆ ಕಟ್ಟಿ ಹೊರಗೆ ಬಿಡುತ್ತದೆ. ಸಸೂನ್ ಡಾಕ್‌ನಿಂದ ಬೆಳಗಿನ ಜಾವ ಹೊರಡುವ ದೋಣಿಗಳ ಹಾಗೆ ಅವು ಖಾಲಿಯಾಗಿ ಹೋಗುತ್ತವೆ, ತುಂಬಿಕೊಂಡು ಮರಳಬೇಕು. ಎಷ್ಟೋ ಮರಳುವುದೇ ಇಲ್ಲ.

ಇ. ಕೋಲೈಯ ಸೈಡರೊಫೋರ್ ಹೆಸರು ಎಂಟರೊಬ್ಯಾಕ್ಟಿನ್. 1970ರಲ್ಲಿ ಎರಡು ಬೇರೆ ಬೇರೆ ತಂಡಗಳು ಇದನ್ನು ಪತ್ತೆಮಾಡಿದವು. ಇದಕ್ಕೆ ಮೂರು ತೋಳು, ಪ್ರತಿ ತೋಳಿಗೂ ಎರಡು ಬೆರಳು. ಕಬ್ಬಿಣದ ಪರಮಾಣುವನ್ನು ಆರು ಕಡೆಯಿಂದ ಅಮುಕಿ ಹಿಡಿಯುತ್ತದೆ. ಹೀಗೆ ಹಿಡಿಯುವುದಕ್ಕೆ ರಸಾಯನಶಾಸ್ತ್ರದಲ್ಲಿ ಕೀಲೇಷನ್ ಅಂತಾರೆ. ಆ ಪದದ ಮೂಲದಲ್ಲಿರುವುದು ಏಡಿಯ ಕೊಂಡಿ! ಕರಾವಳಿಯವರಿಗೆ ಬೇರೆ ವಿವರಣೆ ಬೇಡ, ಏಡಿ ಹಿಡಿದರೆ ಬಿಡುತ್ತದೆಯೇ? ತಿಳಿದಿರುವ ಸೈಡರೊಫೋರ್‌ಗಳಲ್ಲೇ ಅತಿ ಬಿಗಿ ಹಿಡಿತ ಎಂಟರೊಬ್ಯಾಕ್ಟಿನ್‌ದು. ಟ್ರಾನ್ಸ್‌ಫೆರಿನ್ ಹಿಡಿದಿಟ್ಟ ಕಬ್ಬಿಣವನ್ನೂ ಅದು ಕಿತ್ತುಕೊಳ್ಳಬಲ್ಲದು.

ಎರಡು ಗೋಡೆ, ಒಂದು ಬೂಚು

ಕಬ್ಬಿಣ ಸಿಕ್ಕಿದ ಮೇಲೆ ಅದನ್ನು ಮನೆಯೊಳಗೆ ತರುವುದು ಇನ್ನೊಂದು ಸಾಹಸ. ಇ. ಕೋಲೈಗೆ ಎರಡು ಪೊರೆ, ಹೊರಗೊಂದು ಒಳಗೊಂದು. ಹೊರಪೊರೆಯಲ್ಲಿ ಸಣ್ಣ ಸಣ್ಣ ತೂತುಗಳಿವೆ. ಕಬ್ಬಿಣ ಹೊತ್ತ ಎಂಟರೊಬ್ಯಾಕ್ಟಿನ್ ಆ ತೂತಿನಲ್ಲಿ ತೂರುವುದಿಲ್ಲ, ದೊಡ್ಡದು. ಅದಕ್ಕೆಂದೇ ಬೇರೆ ಬಾಗಿಲಿದೆ. ಪೀಪಾಯಿಯ ಆಕಾರದ ಪ್ರೊಟೀನ್, ನಡುವೆ ಬೂಚು. ಎಂಟರೊಬ್ಯಾಕ್ಟಿನ್ ಬಂದು ಪೀಪಾಯಿಯ ಬಾಯಲ್ಲಿ ಕೂರುತ್ತದೆ. ಬೂಚು ತೆಗೆಯಲಿಕ್ಕೆ ಶಕ್ತಿ ಬೇಕು. ಹೊರಪೊರೆಯಲ್ಲಿ ಶಕ್ತಿಯ ಮೂಲವೇ ಇಲ್ಲ.

ಹೊರಗೋಡೆಗೆ ಕರೆಂಟಿಲ್ಲ, ಒಳಗೋಡೆಗೆ ಇದೆ. ಹಾಗಾಗಿ ಒಳಗೋಡೆಯಲ್ಲಿ ಬೇರೂರಿದ ಟಾನ್‌ಬಿ ಎಂಬ ಉದ್ದನೆಯ ಪ್ರೊಟೀನ್ ಎರಡು ಗೋಡೆಗಳ ನಡುವೆ ಕೈ ಚಾಚಿ ಬೂಚಿನ ತುದಿ ಹಿಡಿಯುತ್ತದೆ. ಪಾತ್ರೆ ತೊಳೆಯುವ ಸಿಂಕಿನ ಬೂಚನ್ನು ಸರಪಳಿ ಹಿಡಿದು ಎಳೆಯುತ್ತೇವಲ್ಲ, ಹಾಗೆ ಎಳೆಯುತ್ತದೆ. ದಾರಿ ತೆರೆಯುತ್ತದೆ, ಮಾಲು ಒಳಗೆ ಜಾರುತ್ತದೆ. ನಡುವಿನ ಜಾಗದಲ್ಲಿ ಇನ್ನೊಂದು ಪ್ರೊಟೀನ್ ಅದನ್ನು ಎತ್ತಿಕೊಂಡು ಒಳಪೊರೆಯ ಪಂಪಿಗೆ ಒಪ್ಪಿಸುತ್ತದೆ. ಆ ಪಂಪು ಎಟಿಪಿ, ಅಂದರೆ ಜೀವಕೋಶದ ಶಕ್ತಿಯ ಚಿಲ್ಲರೆ ಕಾಸು, ಖರ್ಚು ಮಾಡಿ ಒಳಗೆ ತಳ್ಳುತ್ತದೆ.

ಕಡೆಗೊಂದು ಪೇಚು ಉಳಿಯಿತು. ಏಡಿ ಈಗಲೂ ಕೊಂಡಿ ಬಿಟ್ಟಿಲ್ಲ! ಅಷ್ಟು ಬಿಗಿ ಹಿಡಿತವನ್ನು ಸಡಿಲಿಸುವುದು ಹೇಗೆ? ಬ್ಯಾಕ್ಟೀರಿಯಾ ಎಂಟರೊಬ್ಯಾಕ್ಟಿನ್ನನ್ನು ಕತ್ತರಿಸಿಯೇ ಹಾಕುತ್ತದೆ. ಮಣ್ಣಿನ ಹುಂಡಿಯಲ್ಲಿ ದುಡ್ಡು ತುಂಬಿದ ಮಕ್ಕಳು ಅದನ್ನು ಒಡೆದೇ ದುಡ್ಡು ತೆಗೆಯಬೇಕಲ್ಲ, ಅದೇ ಕಥೆ. ಮತ್ತೆ ಬೇಕೆಂದರೆ ಹೊಸ ಹುಂಡಿ. ಏರೊಬ್ಯಾಕ್ಟಿನ್ ಎಂಬ ಇನ್ನೊಂದು ಸೈಡರೊಫೋರ್ ಇದೆ. ಹಿಡಿತ ಅಷ್ಟು ಬಿಗಿ ಅಲ್ಲ, ಆದರೆ ಕಬ್ಬಿಣ ಇಳಿಸಿ ಮತ್ತೆ ಹೊರಡಬಲ್ಲದು. ಮೂತ್ರನಾಳದ ಸೋಂಕು ತರುವ ಇ. ಕೋಲೈ ತಳಿಗಳಲ್ಲಿ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಬಗೆಯ ಸೈಡರೊಫೋರ್ ಇರುತ್ತವೆ.

ಚಾಪೆ ಕೆಳಗೆ, ರಂಗೋಲಿ ಕೆಳಗೆ

ದೇಹ ಸುಮ್ನೆ ನೋಡುತ್ತಾ ಕೂರುವುದಿಲ್ಲ. ನ್ಯೂಟ್ರೊಫಿಲ್ ಎಂಬ ಬಿಳಿಕಣಗಳು ಲಿಪೊಕಾಲಿನ್-2 ಎಂಬ ಪ್ರೊಟೀನನ್ನು ಹೊರಬಿಡುತ್ತವೆ. ಕಿಡ್ನಿಯ ಕೋಶಗಳೂ ಬಿಡುತ್ತವೆ. ಬಟ್ಟಲಿನಂಥ ಅದರ ಗುಳಿಯಲ್ಲಿ ಎಂಟರೊಬ್ಯಾಕ್ಟಿನ್ ಸರಿಯಾಗಿ ಕೂತುಬಿಡುತ್ತದೆ, ಕಬ್ಬಿಣದ ಸಮೇತ. ಬ್ಯಾಕ್ಟೀರಿಯಾದ ದೋಣಿ ಮಾಲು ತುಂಬಿಕೊಂಡು ಬರುವ ದಾರಿಯಲ್ಲೇ ಜಪ್ತಿ. ಈ ಗುಟ್ಟು ಬಯಲಾದದ್ದು 2002ರಲ್ಲಿ.

ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅಂತಾರಲ್ಲ. ಸಾಲ್ಮೊನೆಲ್ಲಾ ಮತ್ತು ಕೆಲವು ಇ. ಕೋಲೈ, ಕ್ಲೆಬ್ಸಿಯೆಲ್ಲಾ ತಳಿಗಳು ಎಂಟರೊಬ್ಯಾಕ್ಟಿನ್‌ಗೆ ಸಕ್ಕರೆಯ ಅಣುಗಳನ್ನು ಅಂಟಿಸಿ ಕಳಿಸುತ್ತವೆ. ಈ ವೇಷ ತೊಟ್ಟದ್ದಕ್ಕೆ ಸಾಲ್ಮೊಕೆಲಿನ್ ಅಂತ ಹೆಸರು. ಸಕ್ಕರೆ ಅಡ್ಡ ಬರುವುದರಿಂದ ಅದು ಲಿಪೊಕಾಲಿನ್ನಿನ ಬಟ್ಟಲಲ್ಲಿ ಕೂರುವುದಿಲ್ಲ.

ಉಳಿದ ಕಳ್ಳರ ದಾರಿ ಬೇರೆ

ಕುರು, ಕೀವು ತರುವ ಸ್ಟೆಫಿಲೊಕಾಕಸ್ ನೇರವಾಗಿ ರಕ್ತಕಣಕ್ಕೇ ತೂತು ಕೊರೆಯುತ್ತದೆ. ಹೊರಬಿದ್ದ ಹಿಮೋಗ್ಲೋಬಿನ್ನನ್ನು ಹಿಡಿದು, ಅದರೊಳಗಿನ ಹೀಮ್ ಎಂಬ ಕಬ್ಬಿಣದ ತುಣುಕನ್ನು ಕೀಳುತ್ತದೆ. ಇದಕ್ಕೆ ಹೊರಪೊರೆ ಇಲ್ಲ, ದಪ್ಪ ಗೋಡೆ ಇದೆ. ಕಟ್ಟಡದ ಕೆಲಸದವರು ಸಿಮೆಂಟಿನ ಬಾಂಡ್ಲಿಯನ್ನು ಸಾಲಾಗಿ ನಿಂತು ದಾಟಿಸುವ ಹಾಗೆ, ಗೋಡೆಯಲ್ಲಿರುವ ಪ್ರೊಟೀನುಗಳು ಹೀಮನ್ನು ಕೈಯಿಂದ ಕೈಗೆ ದಾಟಿಸಿ ಒಳಗೆ ಮುಟ್ಟಿಸುತ್ತವೆ.

ಗೊನೊರಿಯಾ ಮತ್ತು ಒಂದು ಬಗೆಯ ಮೆದುಳುಜ್ವರ ತರುವ ನೈಸೀರಿಯಾ ಸೈಡರೊಫೋರ್ ಕಟ್ಟುವುದೇ ಇಲ್ಲ. ಡಬ್ಬಾವಾಲಾನನ್ನೇ ಬಾಗಿಲಲ್ಲಿ ಹಿಡಿದು ನಿಲ್ಲಿಸಿ ಜೇಬು ಖಾಲಿ ಮಾಡುತ್ತದೆ. ಅದಕ್ಕೆ ಮನುಷ್ಯರ ಟ್ರಾನ್ಸ್‌ಫೆರಿನ್ನೇ ಆಗಬೇಕು, ಇಲಿಯದ್ದು ನಡೆಯುವುದಿಲ್ಲ. ಬ್ಯಾಕ್ಟೀರಿಯಾ ಕೈ ಹಾಕುವ ಆ ಜಾಗದಲ್ಲೇ ಮಂಗ ಮತ್ತು ಮನುಷ್ಯರ ವಂಶದ ಟ್ರಾನ್ಸ್‌ಫೆರಿನ್ ಸುಮಾರು 4 ಕೋಟಿ ವರ್ಷಗಳಿಂದ ಬದಲಾಗುತ್ತಲೇ ಬಂದಿದೆ ಎಂದು 2014ರ ಒಂದು ಅಧ್ಯಯನ ತೋರಿಸಿತು.

ಕ್ಷಯದ ಬ್ಯಾಕ್ಟೀರಿಯಾದ ಧೈರ್ಯ ನೋಡಿ. ಅದು ಮನೆ ಮಾಡಿಕೊಳ್ಳುವುದೇ ಮ್ಯಾಕ್ರೋಫೇಜಿನೊಳಗೆ, ಅಂದರೆ ಗುಜರಿ ಅಂಗಡಿಯೊಳಗೆ. ಅದರ ಮೈಕೊಬ್ಯಾಕ್ಟಿನ್ ಎಂಬ ಕೊಂಡಿ ಎಣ್ಣೆಯಲ್ಲಿ ಕರಗುವಂಥದ್ದು, ಜಿಡ್ಡಿನ ಗೋಡೆಗೆ ಅಂಟಿಕೊಂಡೇ ಇರುತ್ತದೆ. ನೀರಿನಲ್ಲಿ ಕರಗುವ ಇನ್ನೊಂದು ರೂಪವನ್ನು ಹೊರಗೆ ಕಳಿಸಿ ಕಬ್ಬಿಣ ತರಿಸಿಕೊಳ್ಳುತ್ತದೆ. ಮ್ಯಾಕ್ರೋಫೇಜ್ ತನ್ನ ಪಾಲಿಗೆ ಆ ಕೋಣೆಯಿಂದ ಕಬ್ಬಿಣವನ್ನು ಹೊರಗೆ ಪಂಪ್ ಮಾಡುತ್ತಿರುತ್ತದೆ.

ಗಂಟಲಮಾರಿಯ ಬ್ಯಾಕ್ಟೀರಿಯಾಕ್ಕೆ ಕಬ್ಬಿಣದ ಕೊರತೆ ಒಂದು ಸೂಚನೆ. ಕಬ್ಬಿಣ ಧಾರಾಳವಾಗಿದ್ದರೆ ಅದು ವಿಷ ತಯಾರಿಸುವುದಿಲ್ಲ. ಕಬ್ಬಿಣ ಇಲ್ಲ ಅಂದರೆ ಮನುಷ್ಯನ ಮೈ ಸೇರಿದ್ದೇನೆ ಅಂತ ಅದಕ್ಕೆ ಗೊತ್ತಾದ ಹಾಗೆ. ವಿಷದ ಜೀನ್ ಆಗ ತೆರೆಯುತ್ತದೆ. ಕಬ್ಬಿಣಕ್ಕೂ ಆ ವಿಷಕ್ಕೂ ನಂಟಿದೆ ಅನ್ನುವುದು 1930ರ ದಶಕದಲ್ಲೇ ತಿಳಿದಿತ್ತು.

ಮಾಂಡವಿಯ ಪ್ಲೇಗು, ಷಿಕಾಗೋದ ಸಾವು

1896ರ ಸೆಪ್ಟೆಂಬರಿನಲ್ಲಿ ಮುಂಬೈ ಬಂದರಿನ ಪಕ್ಕದ ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಗುರುತಿಸಿದವರು ಗೋವಾ ಮೂಲದ ಡಾಕ್ಟರ್ ಅಕಾಸಿಯೊ ವಿಯೇಗಸ್. ವಾಲ್ಡೆಮಾರ್ ಹಾಫ್‌ಕಿನ್ ಇಲ್ಲೇ ಲಸಿಕೆ ತಯಾರಿಸಿ 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡರು. ಪರೇಲಿನ ಹಾಫ್‌ಕಿನ್ ಇನ್‌ಸ್ಟಿಟ್ಯೂಟ್ ಅವರ ಹೆಸರಿನದೇ.

ಆ ಪ್ಲೇಗಿನ ಬ್ಯಾಕ್ಟೀರಿಯಾಕ್ಕೆ ಯೆರ್ಸಿನಿಯಾಬ್ಯಾಕ್ಟಿನ್ ಎಂಬ ಸೈಡರೊಫೋರ್ ಇದೆ. ಅದನ್ನು ಕಟ್ಟುವ ಜೀನ್‌ಗಳನ್ನು ಕಳೆದುಕೊಂಡ ತಳಿಗಳು ತೀರಾ ದುರ್ಬಲ. 1956ರಲ್ಲಿ ಜ್ಯಾಕ್ಸನ್ ಮತ್ತು ಬರೋಸ್ ಎಂಬ ಸಂಶೋಧಕರು ಇಂಥ ದುರ್ಬಲ ತಳಿಯ ಜೊತೆಗೆ ಇಲಿಗಳಿಗೆ ಕಬ್ಬಿಣವನ್ನೂ ಚುಚ್ಚಿದರು. ಸಾಧು ಬ್ಯಾಕ್ಟೀರಿಯಾ ಮತ್ತೆ ಕೊಲೆಗಾರ ಆಯಿತು. ಕದಿಯುವ ಸಲಕರಣೆ ಇಲ್ಲದಿದ್ದರೇನು, ಬಾಗಿಲು ತೆರೆದೇ ಇತ್ತಲ್ಲ.

2009ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಒಬ್ಬ ವಿಜ್ಞಾನಿ ಇಂಥದೇ ದುರ್ಬಲ ತಳಿಯ ಮೇಲೆ ಕೆಲಸ ಮಾಡುತ್ತಾ ಸೋಂಕು ತಗಲಿ ತೀರಿಕೊಂಡರು. ಅದು ಯಾರಿಗೂ ಕಾಯಿಲೆ ತರುವಂಥದ್ದಲ್ಲ ಅಂತಲೇ ಎಲ್ಲರೂ ನಂಬಿದ್ದರು. ಶವಪರೀಕ್ಷೆ ಮಾಡಿದಾಗ, ಮೈಯಲ್ಲಿ ಕಬ್ಬಿಣ ಅತಿಯಾಗಿ ಶೇಖರವಾಗುವ ಆನುವಂಶಿಕ ಕಾಯಿಲೆ ಅವರಿಗಿದ್ದದ್ದು ತಿಳಿಯಿತು. ಬದುಕಿದ್ದಾಗ ಅದು ಪತ್ತೆಯಾಗಿರಲಿಲ್ಲ.

ಅದೇ ಬಾಗಿಲಲ್ಲಿ ಔಷಧ

ಸೈಡರೊಫೋರ್ ಕಂಡರೆ ಬ್ಯಾಕ್ಟೀರಿಯಾ ಬಾಗಿಲು ತೆರೆಯುತ್ತದೆ ಅಂತಾದರೆ ಅದರ ಬೆನ್ನಿಗೆ ವಿಷ ಕಟ್ಟಿ ಕಳಿಸಬಾರದೇ? ಸೆಫಿಡೆರೊಕಾಲ್ ಎಂಬ ಆಂಟಿಬಯಾಟಿಕ್ ಮಾಡುವುದು ಇದನ್ನೇ. ಕಬ್ಬಿಣ ಹಿಡಿಯುವ ಒಂದು ತುಣುಕನ್ನು ಅದಕ್ಕೆ ಜೋಡಿಸಿದ್ದಾರೆ. ಬ್ಯಾಕ್ಟೀರಿಯಾ ಕಬ್ಬಿಣ ಬಂತು ಅಂತ ತಾನೇ ಒಳಗೆ ಎಳೆದುಕೊಳ್ಳುತ್ತದೆ. 2019ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಬೇರೆ ಔಷಧಗಳಿಗೆ ಬಗ್ಗದ ಸೋಂಕಿಗೆ ಬಳಸುತ್ತಾರೆ.

ಉಲ್ಟಾ ಹೊಡೆಯುವುದೂ ಉಂಟು. ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆ ಇರುವವರಿಗೆ ಮತ್ತೆ ಮತ್ತೆ ರಕ್ತ ಕೊಟ್ಟು ಮೈಯಲ್ಲಿ ಕಬ್ಬಿಣ ಜಾಸ್ತಿಯಾಗುತ್ತದೆ. ಅದನ್ನು ಇಳಿಸಲು ಕೊಡುವ ಡೆಸ್‌ಫೆರಿಯಾಕ್ಸಮಿನ್ ಮೂಲತಃ ಮಣ್ಣಿನ ಒಂದು ಬ್ಯಾಕ್ಟೀರಿಯಾದ ಸೈಡರೊಫೋರ್. ಕೆಲವು ರೋಗಾಣುಗಳು, ಪ್ಲೇಗಿನ ಬ್ಯಾಕ್ಟೀರಿಯಾದ ಒಂದು ಸಂಬಂಧಿಯೂ ಸೇರಿ, ಅದನ್ನೇ ತಮ್ಮ ದೋಣಿ ಮಾಡಿಕೊಳ್ಳುತ್ತವೆ. 2021ರಲ್ಲಿ ಕೋವಿಡ್ ಜೊತೆ ಮಹಾರಾಷ್ಟ್ರವನ್ನು ಕಾಡಿದ ಮ್ಯೂಕರ್ ಶಿಲೀಂಧ್ರಕ್ಕೂ ಈ ಕಲೆ ಗೊತ್ತು. ಸಕ್ಕರೆ ಕಾಯಿಲೆ ಹದ್ದುಮೀರಿ ರಕ್ತ ಆಮ್ಲೀಯವಾದರೆ ಟ್ರಾನ್ಸ್‌ಫೆರಿನ್ನಿನ ಹಿಡಿತ ಸಡಿಲವಾಗುತ್ತದೆ. ಆ ಶಿಲೀಂಧ್ರ ಅಂಥವರನ್ನೇ ಹುಡುಕಿಕೊಂಡು ಬರುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಐರನ್ ಮಾತ್ರೆ?

ಇಷ್ಟು ಓದಿ ಯಾರೂ ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ. ಬಂದ್‌ನಿಂದ ಬಂದ ಕೊರತೆ ಬೇರೆ, ಊರಲ್ಲಿ ಅಕ್ಕಿಯೇ ಇಲ್ಲದ ಕೊರತೆ ಬೇರೆ. ನಮ್ಮ ದೇಶದಲ್ಲಿ ಎರಡನೆಯದೂ ದೊಡ್ಡದೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇತ್ತು, ಅದಕ್ಕೆ ಕಬ್ಬಿಣದ ಕೊರತೆ ಒಂದು ಮುಖ್ಯ ಕಾರಣ. ಅಂಥವರ ಫೆರಿಟಿನ್ ಸಾಮಾನ್ಯವಾಗಿ ಇಳಿದಿರುತ್ತದೆ. ಪೆಟ್ಟಿಗೆಯೇ ಖಾಲಿ. ಅವರಿಗೆ ಕಬ್ಬಿಣ ಕೊಡಲೇಬೇಕು. ಇನ್ನೊಂದು ಕಡೆ, ಮಲೇರಿಯಾ ಹೆಚ್ಚಿರುವ ಆಫ್ರಿಕಾದ ಪೆಂಬಾ ದ್ವೀಪದಲ್ಲಿ ಪುಟ್ಟ ಮಕ್ಕಳಿಗೆಲ್ಲ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಕೊಟ್ಟಾಗ ಆಸ್ಪತ್ರೆ ಸೇರಿದವರು, ಸತ್ತವರು ಹೆಚ್ಚಾದರು ಅಂತ 2006ರಲ್ಲಿ ವರದಿಯಾಯಿತು. ಯಾರಿಗೆ, ಯಾವಾಗ ಅನ್ನುವುದನ್ನು ನೋಡಿ ಕೊಡಬೇಕು. ಅದಕ್ಕೇ ಡಾಕ್ಟರು ಹಿಮೋಗ್ಲೋಬಿನ್ ಒಂದನ್ನೇ ನೋಡದೆ ಮೂರೂ ಸಂಖ್ಯೆ ನೋಡಿದ್ದು.

ಅತ್ತೆಯ ಜ್ವರ ಆಂಟಿಬಯಾಟಿಕ್‌ಗೆ ಇಳಿಯಿತು. ಒಂದು ತಿಂಗಳ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 10.6, ಕಬ್ಬಿಣ 61, ಫೆರಿಟಿನ್ 190. ಒಂದೇ ಒಂದು ಐರನ್ ಮಾತ್ರೆ ತಿಂದಿರಲಿಲ್ಲ.

ಲಾಡಿನ ವಿಷಯ ಡಾಕ್ಟರನ್ನು ಆಗಲೇ ಕೇಳಿದ್ದೆ. ಅವರು ನಕ್ಕರು. ಡ್ರಿಪ್ ಹಾಕಿದರೆ 200 ಮಿಲಿಗ್ರಾಂ ಒಮ್ಮೆಗೇ ರಕ್ತಕ್ಕೆ, ಶಟರನ್ನು ದಾಟಿಕೊಂಡು. ಲಾಡಿನದ್ದು ಕರುಳಿನಲ್ಲೇ ತಡೆದು ನಿಲ್ಲುತ್ತದೆ. "ಬಾಯಿ ರುಚಿಗೆ ಕೊಡಿ," ಅಂದರು. ಅಷ್ಟು ಹೊತ್ತಿಗೆ ಮನೆಯಲ್ಲಿ ಮಕ್ಕಳು ಡಬ್ಬಿ ಅರ್ಧ ಖಾಲಿ ಮಾಡಿದ್ದರು.